ಕೊಂದದ್ದು ಭೂಮಿಯಲ್ಲ

'ಭೂಮಿತಾಯಿ ಮುನಿದಳು' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಲ್ಲ ಅನಾಹುತಕ್ಕೂ ಒಬ್ಬ ಹೆಂಗಸಿನ ಮುನಿಸೇ ಕಾರಣವಾಗಬೇಕೆ?

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಮ್ಮ ಬೀದರಿನ ಗಡಿಯಾಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ನೆಲ ನಡುಗಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ್ದ ಜನ. ಸುಮಾರು 10,000 ಮಂದಿ ಸತ್ತರು. ಅವರ ಮೇಲೆ ಬಿದ್ದದ್ದು ಅವರವರ ಮನೆಗಳೇ. ಬರಿಯ ಮಣ್ಣು ಮೆತ್ತಿ ಪೇರಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಬಿಸಿಲು ತಡೆಯಲೆಂದು ತೊಲೆಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ. ನಮ್ಮ ಕೋಲಾರದ ಕಡೆ ಮಣ್ಣುಗೋಡೆಯ ಮೇಲೆ ಕಲ್ಲುಚಪ್ಪಡಿ ಹಾಸಿದ ಮನೆಗಳಿವೆಯಲ್ಲ, ಅವೇನು ಹಗುರವೇ?

'ನಮ್ಮ ಕಡೆ ಅದೆಲ್ಲ ಬರೋಲ್ಲ ಬಿಡಿ ಟೀಚರ್' ಎನ್ನುತ್ತಾರೆ ಯಲ್ದೂರಿನಲ್ಲಿ. ಅಂದಿನ ಭೂಕಂಪದ ನಕಾಶೆಯಲ್ಲಿ ಕಿಲ್ಲಾರಿಯೂ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು!

ಇನ್ನು ಬೆಂಕಿ. 1923ರ ಸೆಪ್ಟೆಂಬರ್ 1ರಂದು ಟೋಕಿಯೋದಲ್ಲಿ ನೆಲ ನಡುಗಿದಾಗ ಹಗಲು ಹನ್ನೆರಡಕ್ಕೆ ಎರಡು ನಿಮಿಷ. ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು, ಬಹುಪಾಲು ಬೆಂಕಿಯಿಂದ. ಒಲೆ ಹಚ್ಚಿದವಳನ್ನು ದೂರುವುದು ಸುಲಭ. ಮರದ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಲು ಬಿಟ್ಟವರನ್ನು ಕೇಳುವವರು ಯಾರು?

ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಇನ್ನೂ ಚೆನ್ನಾಗಿದೆ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ನೀರಿನ ಕೊಳವೆಗಳು ಒಡೆದವು. ಆರಿಸಲು ನೀರಿಲ್ಲದೆ ಊರು ಮೂರು ದಿನ ಉರಿಯಿತು, ಸುಮಾರು 28,000 ಕಟ್ಟಡಗಳು ಹೋದವು. ಊರಿನ ದೊಡ್ಡ ಮನುಷ್ಯರು ಮಾತ್ರ 'ಬೆಂಕಿ ಬಿತ್ತು' ಎಂದೇ ಸಾರಿದರು. ಭೂಕಂಪ ಎಂದರೆ ಹಣ ಹೂಡುವವರು ಹೆದರುತ್ತಾರಲ್ಲ! ಸತ್ತವರು ಐನೂರರ ಒಳಗೆ ಎಂದು ಲೆಕ್ಕ ಬರೆದರು. ಎಷ್ಟೋ ದಶಕಗಳ ಮೇಲೆ ಗ್ಲ್ಯಾಡಿಸ್ ಹ್ಯಾನ್ಸನ್ ಎಂಬ ಗ್ರಂಥಪಾಲಕಿ ಕೂತು ಒಂದೊಂದೇ ಹೆಸರು ಹುಡುಕಿದಳು. ಸತ್ತವರು 3,000ಕ್ಕೂ ಹೆಚ್ಚೆಂದು ಆಗ ಗೊತ್ತಾಯಿತು.

ನಮ್ಮಲ್ಲಿ ವಾಸ್ತುವಿನವನು ಹೇಳಿದನೆಂದು ಕಟ್ಟಿದ ಅಡಿಗೆಮನೆಯನ್ನೇ ಒಡೆಸುತ್ತಾರೆ. ಬಾಗಿಲು ಕಿಟಕಿಗಳ ಮೇಲೆ ಲಿಂಟಲ್ ಮಟ್ಟದಲ್ಲಿ, ಮನೆಯ ಸುತ್ತಲೂ ಒಡೆಯದಂತೆ ಒಂದೇ ಕಾಂಕ್ರೀಟ್ ಪಟ್ಟಿ, ಒಳಗೆ ಕಬ್ಬಿಣ ಇಟ್ಟು ಹಾಕಿಸಿ ಎಂದರೆ 'ದಂಡದ ಖರ್ಚು' ಅನ್ನುತ್ತಾರೆ. ಗೋಡೆಗಳು ಬಿಟ್ಟುಕೊಂಡು ಬೇರೆಬೇರೆಯಾಗದಂತೆ ಹಿಡಿದಿಡುವುದು ಅದೇ. ಸೀರೆಗೆ ಅಂಚಿದೆಯೇ ಎಂದು ನೋಡುವ ನಾವು ಗೋಡೆಗೆ ಪಟ್ಟಿಯಿದೆಯೇ ಎಂದು ಏಕೆ ಕೇಳಬಾರದು? ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ನಾನು ಕೇಳುತ್ತೇನೆ. ಮನೆಯ ಯಜಮಾನರಿಗೆ ಸಿಟ್ಟು ಬರುತ್ತದೆ, ಬರಲಿ. ಯಜಮಾನಿಯರು ಮಾತ್ರ ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದು, 'ಅದೇನು ಟೀಚರ್, ಇನ್ನೊಂದು ಸಲ ಹೇಳಿ' ಎನ್ನುತ್ತಾರೆ.