ಎಮ್ಮೆ ಬಿಟ್ಟು ಬರಲಾರೆ ಎನ್ನುವವಳ ಲೆಕ್ಕ

ಕೃಷ್ಣೆಗೆ ಮಹಾಪೂರ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಹೊಳೆದಂಡೆಯವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ, ದನಕರುಗಳ ಮೋಹಕ್ಕೆ ಬಿದ್ದು ಜೀವಕ್ಕೇ ಕುತ್ತು ತಂದುಕೊಳ್ಳುತ್ತಾರೆ. ಕೃಷ್ಣೆಯ ದಂಡೆಯ ಅಂಕಲಿಯಲ್ಲೇ ಹುಟ್ಟಿ, ಇಲ್ಲೇ ಸೊಸೆಯಂದಿರನ್ನು ತಂದುಕೊಂಡಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ.

2019ರ ಆಗಸ್ಟಿನ ಮಹಾಪೂರದಲ್ಲಿ ನಮ್ಮ ಓಣಿಯ ಹಿರಿಯಾಕೆಯೊಬ್ಬಳು ಟ್ರ್ಯಾಕ್ಟರ್ ಹತ್ತಲು ಒಪ್ಪಲಿಲ್ಲ. "ಯವ್ವಾ, ಜೀಂವಾ ಉಳದ್ರ ಎಮ್ಮಿ ಮತ್ತ ತರಬಹುದು, ನಡಿ" ಎಂದು ಹುಡುಗರು ಗೋಗರೆದರು. "ಯಾರ್ ತಂದ್ ಕೊಡ್ತಾರೋ ಯಪ್ಪಾ, ನೀ ಕೊಡ್ತಿ?" ಎಂದಳು. ಹುಡುಗರು ಸುಮ್ಮನಾದರು. ಆಕೆಯ ಮನೆಗೆ ಕಬ್ಬಿನ ಬಿಲ್ಲು ಬರುವುದು ವರ್ಷಕ್ಕೊಮ್ಮೆ, ಅದೂ ಸೊಸೈಟಿಯ ಸಾಲಕ್ಕೆ ಜಮಾ ಆಗುತ್ತದೆ. ಎಣ್ಣೆ, ಚಹಾಪುಡಿ, ಮೊಮ್ಮಕ್ಕಳ ನೋಟ್‌ಬುಕ್ಕು ಎಲ್ಲ ನಡೆಯುವುದು ಡೇರಿಗೆ ಹಾಕುವ ಹಾಲಿನ ಮೇಲೆ. ಎರಡೂ ಎಮ್ಮೆ ಆಕೆಯ ಕೈಯಲ್ಲೇ ಬೆಳೆದವು. ಆಕೆಯ ಹಟದಲ್ಲಿ ಪ್ರೀತಿ ಎಷ್ಟು, ಲೆಕ್ಕ ಎಷ್ಟು ಎಂದು ಬೇರೆ ಮಾಡಿ ತೋರಿಸಲು ಯಾರಿಂದಲೂ ಆಗದು. ನಾವು ಬರೀ ಭಾವನೆ ಎಂದು ತಳ್ಳಿಹಾಕುವುದರಲ್ಲಿ ಒಂದು ಸಂಸಾರದ ಪೂರಾ ಅನುಭವ ಇರುತ್ತದೆ.

ಕೊನೆಗೆ ಎಮ್ಮೆಗಳನ್ನು ಟ್ರೇಲರಿಗೆ ಏರಿಸಿದ ಮೇಲೆಯೇ ಆಕೆ ಬಂದಳು. ಅಷ್ಟರಲ್ಲಿ ರಸ್ತೆಯ ಮೇಲೆ ಮೊಳಕಾಲುದ್ದ ನೀರು.

ಹಾಗೆಂದು ಕರುಳು ಹೇಳಿದ್ದೆಲ್ಲ ಸರಿ ಎನ್ನಲಾರೆ. ಅದೇ ಮಹಾಪೂರದಲ್ಲಿ, ಆಗಸ್ಟ್ 8ರಂದು, ನಮಗಿಂತ ಮೇಲೆ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ದೋಣಿ ತಾಳುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರೆಂದು ಆಗ ವರದಿಯಾಗಿತ್ತು. ನೀರು ಸುತ್ತುವರಿದಾಗ ಕೂಸನ್ನೆತ್ತಿಕೊಂಡು ನಿಂತವಳಿಗೆ ಮುಂದಿನ ಸರದಿಗೆ ಬಾ ಎನ್ನುವ ಗಟ್ಟಿತನ ಯಾರಿಗಿದೆ? ಆ ಹೊತ್ತಿನಲ್ಲಿ ಎಷ್ಟು ಜನ ಸಾಕು ಎಂದು ತೀರ್ಮಾನಿಸುವ ಭಾರವನ್ನು ದೋಣಿ ನಡೆಸುವವನ ಮೇಲೆ ಹಾಕುವುದೇ ಅನ್ಯಾಯ. ಆ ಸಂಖ್ಯೆಯನ್ನು ಬಿಸಿಲಿರುವ ದಿನ, ಊರವರೆಲ್ಲ ಕೂತು ನಿಶ್ಚಯಿಸಿ ದೋಣಿಯ ಮೈಮೇಲೆ ಬರೆದಿರಬೇಕು.

ನನ್ನ ಮಟ್ಟಿಗೆ ವಿವೇಕ ಎಂದರೆ ಕರುಳಿಗೂ ಬುದ್ಧಿಗೂ ಪಂಚಾಯ್ತಿ ಮಾಡುವುದಲ್ಲ, ಎರಡರ ಮಾತನ್ನೂ ಹೊತ್ತಿಗೆ ಮುಂಚೆ ಕೇಳಿಸಿಕೊಳ್ಳುವುದು. ಹಾಗೆ ಕೇಳಿಸಿಕೊಳ್ಳುವಷ್ಟು ಹೊತ್ತು ನಮಗೆ ಸಿಗುತ್ತದೆ. ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನಲ್ಲಿ 105 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿ ಬಾಗಿಲು ತೆರೆದ ಕೂಡಲೇ ನೀರು ಅಂಕಲಿಗೆ ಬಂದುಬಿಡುವುದಿಲ್ಲ. ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡು, ರಾಜಾಪುರ ಬ್ಯಾರೇಜ್ ದಾಟಿ, ದೂಧಗಂಗೆಯನ್ನೂ ಸೇರಿಸಿಕೊಂಡು ಬರಬೇಕು. ಎಲ್ಲಿ ಎಷ್ಟು ಕ್ಯುಸೆಕ್ ಎಂಬುದು ನಮ್ಮ ಹುಡುಗರ ಮೊಬೈಲಿನಲ್ಲಿ ಗಂಟೆಗಂಟೆಗೂ ಬರುತ್ತಿರುತ್ತದೆ. ಅಂಕಿ ನಮ್ಮಲ್ಲಿ ಬೇಕಾದಷ್ಟಿದೆ. ಆ ಅಂಕಿಯಲ್ಲಿ ಎಮ್ಮೆ ಇಲ್ಲ.

2021ರ ಜುಲೈನಲ್ಲಿ ಮತ್ತೆ ಹೊಳೆ ಏರಿತು. ಈ ಸಲ ನಮ್ಮ ಓಣಿಯ ಹುಡುಗರು ಯಾರ ಮನವೊಲಿಸಲೂ ಹೋಗಲಿಲ್ಲ, ನೇರ ದನದ ಕೊಟ್ಟಿಗೆಗೆ ಹೋದರು. ದನಗಳನ್ನು ಏರಿಗೆ ಸಾಗಿಸಿ, ಕಣಕಿ ಹಾಕಿ, ಕಾಯಲು ಇಬ್ಬರನ್ನು ನಿಲ್ಲಿಸಿದರು. ಆಮೇಲೆ ಮುದುಕರು, ಹೆಂಗಸರು ಕರೆಯದೆಯೇ ಗಂಟುಮೂಟೆ ಕಟ್ಟಿಕೊಂಡು ಹಿಂದೆ ಬಂದರು. ಒತ್ತಾಯವಿಲ್ಲ, ಕೂಗಾಟವಿಲ್ಲ. ಪೊಲೀಸರು ಬರುವ ಮೊದಲೇ ಓಣಿ ಖಾಲಿಯಾಗಿತ್ತು.

ಇದನ್ನು ಒಂದು ಓಣಿಯ ಹುಡುಗರ ಜಾಣತನಕ್ಕೆ ಬಿಡಬಾರದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಪ್ರತಿ ಊರಿನಲ್ಲೂ ಮಿರಗದ ಮಳೆಗೆ ಮುಂಚೆ ಗ್ರಾಮಸಭೆ ಕೂಡಬೇಕು. ಯಾವ ಮನೆಯಲ್ಲಿ ಎಷ್ಟು ದನ, ಟ್ರೇಲರ್ ಯಾರದು, ಮೇವು ಎಲ್ಲಿ ಎಂಬುದು ಅಲ್ಲೇ ಬರೆದಾಗಬೇಕು. ಕಾಳಜಿ ಕೇಂದ್ರದಿಂದ ದನ ಕಟ್ಟಿದ ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ಆ ಸಭೆಯಲ್ಲಿ ಮೊದಲು ಹೆಂಗಸರನ್ನು ಮಾತಾಡಿಸಿ. ಯಾವ ಎಮ್ಮೆ ಗಬ್ಬ ಇದೆ, ಯಾವುದು ಟ್ರೇಲರ್ ಹತ್ತಲು ಹೆದರುತ್ತದೆ, ಯಾರ ಕೈಗೆ ಹಗ್ಗ ಕೊಟ್ಟರೆ ಸುಮ್ಮನೆ ನಡೆಯುತ್ತದೆ ಎಂಬುದು ಗೊತ್ತಿರುವುದು ಅವರಿಗೆ.