ಊರಿನ ಮಣ್ಣಿನ ಮನೆ ಕೆಡವುವ ಮುನ್ನ

ಮುಂಬೈ, ಪುಣೆಯಲ್ಲಿ ದುಡಿದ ದುಡ್ಡಲ್ಲಿ ಊರಿನ ಮಣ್ಣಿನ ಮನೆ ಕೆಡವಿ ಎರಡಂತಸ್ತಿನ ಆರ್‌ಸಿಸಿ ಮನೆ ಕಟ್ಟಿಸುವುದು ನಮ್ಮಲ್ಲಿ ಹಲವರ ಆಸೆ. ಆದರೆ ಅಲ್ಲಿ ವರ್ಷವಿಡೀ ಇರುವವರು ವಯಸ್ಸಾದ ಅಪ್ಪ-ಅಮ್ಮ. ಬೇಸಿಗೆಯಲ್ಲಿ ಹಗಲಿಡೀ ಕಾದ ತಾರಸಿಯ ಕೆಳಗೆ ರಾತ್ರಿಯೂ ಸೆಕೆ. ನಿದ್ದೆಗೆಟ್ಟು, ಬೆವರಿ ನೀರಿನಂಶ ಕಡಿಮೆಯಾದರೆ ಬಿಪಿ, ಹೃದಯದ ತೊಂದರೆ ಇರುವ ಹಿರಿಯರಿಗೆ ಅಪಾಯ.

ದಪ್ಪ ಮಣ್ಣಿನ ಗೋಡೆ ಬಿಸಿಲಿನ ಕಾವನ್ನು ನಿಧಾನವಾಗಿ ಒಳಬಿಡುತ್ತದೆ. ಗಾಳಿಯ ತೇವ ಹೆಚ್ಚಾದಾಗ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ.

"ಮಣ್ಣಲ್ಲಿ ಮಹಡಿ ನಿಲ್ಲುತ್ತದೆಯೇ?" ಎನ್ನುವಿರಾ? ಯೆಮನ್ ದೇಶದ ಶಿಬಾಮ್ ಪಟ್ಟಣದಲ್ಲಿ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ ಏಳಂತಸ್ತಿನ ಮನೆಗಳಿವೆ. 1982ರಲ್ಲೇ ಅದು ಯುನೆಸ್ಕೊ ಪಟ್ಟಿ ಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದಲೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಇಟ್ಟಿಗೆಯ ಮೇಲೆ ಕೆಲಸ ಮಾಡಿದ್ದಾರೆ. ಅಂಥ ಇಟ್ಟಿಗೆಯ ಎರಡು-ಮೂರು ಅಂತಸ್ತಿನ ಮನೆಗಳು ಬೆಂಗಳೂರಿನಲ್ಲಿವೆ.

ಎಚ್ಚರವೂ ಬೇಕು. ಪಾಯ ಎತ್ತರವಿರಲಿ, ಸೂರು ಮುಂದೆ ಚಾಚಿರಲಿ, ಮೇಲೆ ಹಂಚು ಇರಲಿ. ಗೋಡೆಗೆ ನೀರಿಳಿದರೆ ಬೂಷ್ಟು ಬಂದು ಕೆಮ್ಮು, ದಮ್ಮು ಹೆಚ್ಚುತ್ತದೆ. ಊರಿನ ಮಣ್ಣನ್ನು ಪರೀಕ್ಷೆ ಮಾಡಿಸಿ, ಈ ಕೆಲಸ ಬಲ್ಲ ಎಂಜಿನಿಯರ್ ಕೈಯಲ್ಲೇ ಕಟ್ಟಿಸಿ.

ಗೃಹಪ್ರವೇಶಕ್ಕೆ ಬಂದವರು ಒಂದು ದಿನ ಹೊಗಳಿ ಹೋಗುತ್ತಾರೆ. ಅಪ್ಪ-ಅಮ್ಮ ದಿನಾ ರಾತ್ರಿ ಅಲ್ಲೇ ಮಲಗಬೇಕು. ಪ್ಲಾನ್ ಹಾಕಿಸುವ ಮೊದಲು ಅವರನ್ನೊಮ್ಮೆ ಕೇಳಿ.