ಟೈಲ್ಸ್ ನೀರು ತಡೆಯುವುದಿಲ್ಲ

ಮುಂಬಯಿಯ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಲೀಕೇಜ್ ಜಗಳ ಶುರುವಾಗುತ್ತದೆ. ದಾದರಿನ ಹಳೆಯ ಕಟ್ಟಡವಾಗಲಿ, ಡೊಂಬಿವಲಿಯ ಹೊಸ ಟವರ್ ಆಗಲಿ, ಮಾತು ಒಂದೇ. ಕೆಳಗಿನ ಮನೆಯವರು ಮೊಬೈಲಿನಲ್ಲಿ ತಮ್ಮ ಚಾವಣಿಯ ಫೋಟೋ ತೋರಿಸುತ್ತಾರೆ: ಉಬ್ಬಿದ ಬಣ್ಣ, ಹಳದಿ ಕಲೆ, ಉದುರಿದ ಗಾರೆ. ಮೇಲಿನವರು, "ನಮ್ಮ ಬಾತ್‌ರೂಮನ್ನು ಹೋದ ವರ್ಷವಷ್ಟೇ ಹೊಸದಾಗಿ ಮಾಡಿಸಿದ್ದೇವೆ, ಅದು ಸೋರಲು ಸಾಧ್ಯವೇ ಇಲ್ಲ" ಎನ್ನುತ್ತಾರೆ. ಹಲವು ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹೊಸದಾಗಿ ಮಾಡಿಸಿದ್ದರಿಂದಲೇ ಅದು ಸೋರುತ್ತಿರುತ್ತದೆ.

ಈ ಜಗಳದ ಬುಡದಲ್ಲಿರುವುದು ಒಂದು ತಪ್ಪು ನಂಬಿಕೆ: ಟೈಲ್ಸ್ ನೀರು ತಡೆಯುತ್ತದೆ ಎಂಬುದು. ತಡೆಯುವುದಿಲ್ಲ. ಮೊರ್ಬಿಯಿಂದ ಬರುವ ಒಳ್ಳೆಯ ವಿಟ್ರಿಫೈಡ್ ಟೈಲ್ ತಾನು ನೀರು ಕುಡಿಯುವುದು ಅತ್ಯಲ್ಪ, ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಆದರೆ ನೆಲವೆಂದರೆ ಟೈಲ್ ಒಂದೇ ಅಲ್ಲ. ಎರಡು ಟೈಲ್‌ಗಳ ನಡುವಿನ ಸಂದು, ಗೋಡೆ ನೆಲವನ್ನು ಕೂಡುವ ಮೂಲೆ, ನಹಾಣಿ ಟ್ರ್ಯಾಪಿನ ಸುತ್ತಲಿನ ಬಾಯಿ, ಇವೆಲ್ಲ ನೀರಿಗೆ ದಾರಿ. ನೀರನ್ನು ನಿಜವಾಗಿ ತಡೆಯುವುದು ಟೈಲ್ಸ್ ಅಡಿಯ ವಾಟರ್‌ಪ್ರೂಫಿಂಗ್ ಪದರ. ಅದು ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿಯೇ ಖರ್ಚು ಉಳಿಸುವ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಒಳಗೆ ಹುಳುಕು, ಮೇಲೆ ಥಳಕು.

ಇಲ್ಲಿನ ಅನೇಕ ಕಟ್ಟಡಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ಕೋಣೆಗಳಿಗಿಂತ ತಗ್ಗಿಸಿ ಹಾಕಿ, ಪೈಪುಗಳನ್ನು ಕೂರಿಸಿ, ಆ ಗುಂಡಿಯನ್ನು ಇಟ್ಟಿಗೆ ಚೂರು ಮತ್ತು ಸಿಮೆಂಟಿನ ಕೋಬಾದಿಂದ ತುಂಬಿರುತ್ತಾರೆ. ರಿನೋವೇಶನ್ ಎಂದರೆ ಅದರ ಮೇಲೆ ಬ್ರೇಕರ್ ಮಷಿನ್ ಓಡುತ್ತದೆ. ಹಳೆಯ ಲಾದಿಯ ಜೊತೆಗೆ ಹಳೆಯ ವಾಟರ್‌ಪ್ರೂಫಿಂಗೂ ಬಿರಿಯುತ್ತದೆ, ಟ್ರ್ಯಾಪಿನ ಕತ್ತು ಸಡಿಲವಾಗುತ್ತದೆ. ಅದರ ಮೇಲೆ ಒಂದು ಕೋಟ್ ಕೆಮಿಕಲ್ ಬಳಿದು, ಮಾರನೆಯ ದಿನವೇ ಟೈಲ್ಸ್ ಹಾಸುತ್ತಾರೆ. ಸಂದಿನಿಂದ ಇಳಿದ ನೀರು ಆ ತಗ್ಗಿನಲ್ಲಿ ತೊಟ್ಟಿಯಲ್ಲಿ ನಿಂತಂತೆ ನಿಲ್ಲುತ್ತದೆ. ಅದು ಕೆಳಗಿನ ಚಾವಣಿಯಲ್ಲಿ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅಷ್ಟರಲ್ಲಿ ಗುತ್ತಿಗೆದಾರ ಕೊನೆಯ ಕಂತು ಎಣಿಸಿಕೊಂಡು ಹೋಗಿರುತ್ತಾನೆ.

ಇದಕ್ಕೆ ಶವರ್ ಸೇರಿತು. ಬಕೆಟ್ ಮತ್ತು ಚೊಂಬಿನ ಸ್ನಾನದಲ್ಲಿ ನೀರಿನ ಹೊಡೆತವೆಲ್ಲ ನೆಲಕ್ಕೆ. ಆದ್ದರಿಂದ ಗೋಡೆಯ ಮೇಲೆ ಒಂದಡಿ ಎತ್ತರಕ್ಕೆ ವಾಟರ್‌ಪ್ರೂಫಿಂಗ್ ಹತ್ತಿಸಿದರೆ ಸಾಕೆನ್ನಿಸುತ್ತಿತ್ತು. ಶವರ್ ಗೋಡೆಯನ್ನು ತಲೆಯೆತ್ತರಕ್ಕೂ ತೋಯಿಸುತ್ತದೆ, ದಿನಾ, ಮನೆಮಂದಿಯೆಲ್ಲರ ಸರದಿಯಲ್ಲಿ. ಆದರೂ ಕೆಲಸ ಇನ್ನೂ ಒಂದಡಿಯ ಲೆಕ್ಕದಲ್ಲೇ ನಡೆಯುತ್ತಿದೆ. ಹಿಂದೆ ನಾಲ್ಕು ಉಂಡೆ ಸಿಮೆಂಟು ಅಂಟಿಸಿ ಗೋಡೆಗೆ ಒತ್ತಿದ ಟೈಲಿನ ಹಿಂಭಾಗ ಪೊಳ್ಳು. ಬೆರಳಿನಿಂದ ತಟ್ಟಿದರೆ ಗೊತ್ತಾಗುತ್ತದೆ. ನೀರು ಹೀರದ ವಿಟ್ರಿಫೈಡ್ ಟೈಲಿಗೆ ಬರಿಯ ಸಿಮೆಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಅದಕ್ಕೆಂದೇ ಟೈಲ್ ಅಡ್ಹೆಸಿವ್ ಇದೆ, ಅದಕ್ಕೆ ಐಎಸ್ 15477 ಎಂಬ ಭಾರತೀಯ ಮಾನದಂಡವೂ ಇದೆ.

ಹಾಗಾದರೆ ತಪ್ಪು ಟೈಲ್ಸ್ ಕೂರಿಸುವ ಕಡಿಯಾನದೇ? ಸಭೆಯಲ್ಲಿ ಎಲ್ಲರೂ ಒಪ್ಪುವುದು ಇದೊಂದನ್ನೇ: "ಈಗಿನವರಿಗೆ ಕೆಲಸ ಬರುವುದಿಲ್ಲ." ಇದು ಸುಲಭದ ತೀರ್ಪು, ಸುಳ್ಳು ತೀರ್ಪು ಕೂಡ. ರಾಜಸ್ಥಾನ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕಡಿಯಾನಿಗೆ ಕೂಲಿ ಸಿಗುವುದು ಹೆಚ್ಚಾಗಿ ಚದರಡಿ ಲೆಕ್ಕದಲ್ಲಿ, ಅದೂ ಗುತ್ತಿಗೆದಾರನ ಕೈದಾಟಿ. ಕೋಟ್ ಒಣಗುವವರೆಗೆ ಕಾಯುವ ದಿನಕ್ಕೆ ಕೂಲಿಯಿಲ್ಲ. ನೀರು ನಿಲ್ಲಿಸಿ ಪರೀಕ್ಷಿಸುವ ಎರಡು ದಿನಕ್ಕೂ ಇಲ್ಲ. ಕಾದರೆ ಹೊಟ್ಟೆಗೆ ಹೊಡೆತ, ಕಾಯದಿದ್ದರೆ ಯಾರೂ ಕೇಳುವುದಿಲ್ಲ. ಈ ಲೆಕ್ಕ ಹಾಕಿಕೊಟ್ಟವರು ನಲ್ಲಿಗೆ ಸಾವಿರಾರು ರೂಪಾಯಿ ಸುರಿದು ವಾಟರ್‌ಪ್ರೂಫಿಂಗ್ ದರಕ್ಕೆ ಚೌಕಾಸಿ ಮಾಡುವ ಮಾಲೀಕರು. ಅವರಿಗೇಕೆ ಭಯವಿಲ್ಲವೆಂದರೆ, ತಮ್ಮ ನೆಲ ಕೆಟ್ಟರೆ ಹಾಳಾಗುವುದು ಇನ್ನೊಬ್ಬರ ಚಾವಣಿ.

ಸೋರಿಕೆ ಬಯಲಾದ ಮೇಲೂ ನಡೆಯುವುದು ಬಹುಪಾಲು ಮುಚ್ಚಾಟವೇ. ಸಂದುಗಳಿಗೆ ಬಿಳಿ ಸಿಮೆಂಟು ತುಂಬುತ್ತಾರೆ. ಕೆಳಗಿನವರು ಬೇಸತ್ತು ಪಿಒಪಿ ಫಾಲ್ಸ್ ಸೀಲಿಂಗ್ ಹಾಕಿಸಿಕೊಳ್ಳುತ್ತಾರೆ. ಇದು ಹುಣ್ಣಿಗೆ ಪೌಡರ್ ಹಚ್ಚಿದಂತೆ. ಸ್ಲ್ಯಾಬಿಗೆ ನೀರಿಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟು ಸಿಡಿದು ಉದುರುತ್ತದೆ. 30 ವರ್ಷ ದಾಟಿದ ಕಟ್ಟಡಗಳಿಗೆ ಮುಂಬಯಿ ಪಾಲಿಕೆಯ ಕಾಯ್ದೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ ಮಾಡಿದೆ. ಫಾಲ್ಸ್ ಸೀಲಿಂಗ್ ಹಿಂದೆ ಬಚ್ಚಿಟ್ಟ ರೋಗ ಆಗ ಇಡೀ ಕಟ್ಟಡದ ಬಿಲ್ಲಾಗಿ ಎದುರಾಗುತ್ತದೆ.

ಸರಿಯಾದ ರಿಪೇರಿಯಲ್ಲಿ ಗುಟ್ಟೇನೂ ಇಲ್ಲ. ಒಳ್ಳೆಯ ಕಡಿಯಾ ಮೊದಲು ಪ್ಲಂಬರನ್ನು ಕರೆಸಿ ಪೈಪಿನ ಒತ್ತಡ ನೋಡುತ್ತಾನೆ, ಏಕೆಂದರೆ ಸೋರುವುದು ಪೈಪಾದರೆ ನೆಲ ಅಗೆದು ಫಲವಿಲ್ಲ. ಆಮೇಲೆ ಟೈಲ್ಸ್, ಬೇಕಾದರೆ ಕೋಬಾ ಸಹಿತ, ಸ್ಲ್ಯಾಬಿನವರೆಗೆ ತೆಗೆಯುತ್ತಾನೆ. ಟ್ರ್ಯಾಪ್ ಮತ್ತು ಪೈಪುಗಳ ಸುತ್ತ ಗಟ್ಟಿಯಾಗಿ ತುಂಬಿ, ಮೂಲೆಗಳನ್ನು ಗುಂಡಗೆ ಮಾಡಿ, ಶವರ್ ಗೋಡೆಯಲ್ಲಿ ನೀರು ಬೀಳುವಷ್ಟು ಎತ್ತರಕ್ಕೂ ಎರಡು ಕೋಟ್ ಬಳಿದು ಒಣಗಲು ಬಿಡುತ್ತಾನೆ. ಟ್ರ್ಯಾಪಿಗೆ ಬಿರಡೆ ಹಾಕಿ 48 ಗಂಟೆ ನೀರು ನಿಲ್ಲಿಸುತ್ತಾನೆ. ಕೆಳಗೆ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ: ಟ್ರ್ಯಾಪಿನ ಕಡೆಗೆ ಇಳಿಜಾರು, ಟೈಲಿನ ಬೆನ್ನಿಗೆಲ್ಲ ಅಡ್ಹೆಸಿವ್, ಸಂದುಗಳಿಗೆ ಎಪಾಕ್ಸಿ ಗ್ರೌಟ್. ಚಾಳ್‌ಗಳ ಮೂಲೆಯ ಸ್ನಾನದ ಜಾಗಕ್ಕೆ ಮರಾಠಿಯಲ್ಲಿ ಮೋರಿ ಎಂದು ಹೆಸರು. ಕನ್ನಡದಲ್ಲಿ ಮೋರಿಯೆಂದರೆ ಚರಂಡಿ, ಬಚ್ಚಲು ಎಂಬ ಮಾತು ಸ್ನಾನದ ಮನೆಗೂ ಅದರ ನೀರು ಹರಿದುಹೋಗುವ ಕಾಲುವೆಗೂ ಸಲ್ಲುತ್ತದೆ. ಸ್ನಾನದ ಜಾಗವೆಂದರೆ ಮೊದಲು ನೀರು ಹೋಗುವ ದಾರಿ ಎಂಬುದು ಈ ಮಾತುಗಳಿಗೆ ಗೊತ್ತಿದೆ.

ಒಂದೇ ಬಾತ್‌ರೂಮಿರುವ ಮನೆಯವರು ಅಷ್ಟು ದಿನ ಎಲ್ಲಿ ಸ್ನಾನ ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವಸರದ ಕೆಲಸ ಎರಡೇ ವರ್ಷಕ್ಕೆ ಮತ್ತೆ ಅಗೆಸುವುದಾದರೆ ಉಳಿದ ದಿನಗಳೆಷ್ಟು?

ಕಾನೂನು ಇಲ್ಲವೆನ್ನುವಂತಿಲ್ಲ. 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಮನೆ ಒಪ್ಪಿಸಿದ ಐದು ವರ್ಷದೊಳಗೆ ಕಂಡ ಕೆಲಸದ ದೋಷವನ್ನು ದೂರು ಬಂದ 30 ದಿನಗಳಲ್ಲಿ ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕು. ಬೀಗದ ಕೈ ಸಿಕ್ಕ ವಾರದಲ್ಲೇ ಹೊಸ ಬಾತ್‌ರೂಮನ್ನು ಒಡೆಸುವವರು ಅವನಿಗೆ ಕೈತೊಳೆದುಕೊಳ್ಳುವ ನೆಪ ಕೊಡುತ್ತಾರೆ. ಮಹಾರಾಷ್ಟ್ರದ ಮಾದರಿ ಉಪನಿಯಮಗಳ ಪ್ರಕಾರ ಟಾಯ್ಲೆಟ್, ಸಿಂಕ್‌ಗಳ ಒಳಸೋರಿಕೆಯ ಖರ್ಚು ಸಂಬಂಧಪಟ್ಟ ಫ್ಲ್ಯಾಟಿನವರದು. ಆದರೆ ಇದೆಲ್ಲ ಸೋರಿದ ಮೇಲಿನ ಮಾತು.

ಸೋರುವ ಮೊದಲಿನ ಕೆಲಸ ಸೊಸೈಟಿಯದು. ರಿನೋವೇಶನ್‌ಗೆ ಅನುಮತಿ ಕೊಡುವಾಗ ಸೊಸೈಟಿಗಳು ಡಿಪಾಸಿಟ್ ಕಟ್ಟಿಸಿಕೊಳ್ಳುತ್ತವೆ, ಮಧ್ಯಾಹ್ನ ಡ್ರಿಲ್ ಬೇಡ, ಭಾನುವಾರ ಕೆಲಸ ಬೇಡ, ಲಿಫ್ಟಿನಲ್ಲಿ ಮರಳು ಬೇಡ ಎಂದು ಪಟ್ಟಿ ಕೊಡುತ್ತವೆ. ಸದ್ದಿನ ಬಗ್ಗೆ ಇಷ್ಟು ಕಾಳಜಿಯಿರುವ ಆ ಪಟ್ಟಿಯಲ್ಲಿ ನೀರಿನ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಆ ಸಾಲು ಸೇರಬೇಕು: ಟೈಲ್ಸ್ ಹಾಸುವ ಮೊದಲು 48 ಗಂಟೆ ನೀರು ನಿಲ್ಲಿಸಿ ತೋರಿಸಬೇಕು, ಕೆಳಗಿನ ಮನೆಯವರು ತಮ್ಮ ಚಾವಣಿ ನೋಡಿ ಸಹಿ ಹಾಕಬೇಕು, ಆ ಸಹಿಯಿಲ್ಲದೆ ಡಿಪಾಸಿಟ್ ವಾಪಸಿಲ್ಲ. ಆ ಎರಡು ದಿನದ ಕೂಲಿಯನ್ನು ಮಾಲೀಕರು ಕಡಿಯಾನಿಗೆ ಕೊಡಬೇಕು. ಕಾಯುವುದೂ ಕೆಲಸವೇ.